ಕಾಲರ್ ನೋಡಿ ಮರುಳಾದದ್ದು

ಕತ್ತರಿ ಅನ್ನುವುದು ಅವಳ ನಾಲಿಗೆಗೆ ಸಿಕ್ಕ ಬಿರುದು. ಕಾರ್ಖಾನೆಯ ಸೂಪರ್‌ವೈಸರ್ ಒಬ್ಬ ಒಂದು ದಿನ, "ಇವಳ ಬಾಯಿ ಇದ್ದರೆ ಕಟಿಂಗ್ ಸೆಕ್ಷನ್ನಿಗೆ ಕತ್ತರಿಯೇ ಬೇಕಿಲ್ಲ" ಅಂದ. ಬೈಯಲು ಅಂದದ್ದು. ಅವಳು ಹೊಗಳಿಕೆ ಅಂದುಕೊಂಡು ಇಟ್ಟುಕೊಂಡಳು. ಆಮೇಲೆ ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿಯಿತು.

ಬಟ್ಟೆ ಕತ್ತರಿಸುವ ಕೆಲಸವನ್ನು ಅವಳು ಒಂದು ದಿನವೂ ಮಾಡಿದವಳಲ್ಲ. ಇಪ್ಪತ್ತಾರು ವರ್ಷ ಮಾಡಿದ್ದು ಒಂದೇ ಕೆಲಸ: ಶರ್ಟಿಗೆ ಕಾಲರ್ ಕೂರಿಸುವುದು. ಎಡಗಡೆಯವಳು ಹೆಗಲು ಜೋಡಿಸಿ ತಳ್ಳಿದ ಶರ್ಟು ಅವಳ ಮುಂದೆ ಬಂದು ಬೀಳುತ್ತಿತ್ತು. ಅವಳು ಕಾಲರ್ ಕೂರಿಸಿ ಬಲಗಡೆಗೆ ತಳ್ಳುತ್ತಿದ್ದಳು. ಆಮೇಲೆ ಆ ಶರ್ಟಿಗೆ ತೋಳು ಬಂತೋ ಬಾಲ ಬಂತೋ ಅವಳಿಗೆ ಬೇಕಿಲ್ಲ. ಲೈನಿನಲ್ಲಿ ಕೂತವರ ಹಣೆಬರಹವೇ ಅದು. ಆ ಕಾರ್ಖಾನೆಯಿಂದ ದಿನಕ್ಕೆ ಸಾವಿರ ಶರ್ಟು ಹೊರಗೆ ಹೋಗುತ್ತಿತ್ತು. ಇಡೀ ಒಂದು ಶರ್ಟು ಹೊಲಿಯಲು ಬರುವ ಹೆಂಗಸು ಒಳಗೆ ಒಬ್ಬಳೂ ಇರಲಿಲ್ಲ.

ಲೈನಿನ ಕಟ್ಟಕಡೆಗೆ ಕೂರುತ್ತಿದ್ದವಳು ಗುಂಡಿ. ಅವಳದು ಕಾಜದ ಯಂತ್ರ. ಗುಂಡಿ ತೂರಿಸುವ ತೂತಿಗೆ ಅಂಚು ಕಟ್ಟಿ, ಗುಂಡಿ ಹಾಕಿ, ಡಬ್ಬಿಗೆ ಎಸೆಯುವುದು. ಆಳೂ ಗುಂಡಗೆ ಇದ್ದಳು, ಹೆಸರು ಎರಡು ಕಡೆಯಿಂದಲೂ ಒಪ್ಪಿತು. ಕತ್ತರಿಗೂ ಗುಂಡಿಗೂ ನಡುವೆ ಹದಿನಾಲ್ಕು ಹೆಂಗಸರು ಕೂತಿರುತ್ತಿದ್ದರು. ಆದರೂ ಇಬ್ಬರೂ ಜಗಳ ಆಡಿಕೊಂಡೇ ಇರುತ್ತಿದ್ದರು, ಕೂಗಿ ಕೂಗಿ.

ಕಾರ್ಖಾನೆ ಮುಚ್ಚಿದ್ದು ಒಂದು ಶನಿವಾರ. ಸೋಮವಾರ ಬಂದವರಿಗೆ ಗೇಟಿಗೆ ಬೀಗ ಕಂಡಿತು. ಮಂಗಳವಾರ ಮಾಲೀಕನ ಲಾರಿ ಬಂತು, ಯಂತ್ರ ಸಾಗಿಸಲು. ಹೆಂಗಸರು ಗೇಟಿನ ಮುಂದೆ ಮಲಗಿಬಿಟ್ಟರು. ಅರವತ್ತನಾಲ್ಕು ದಿನ ಅಲ್ಲೇ ಬಿದ್ದಿದ್ದರು, ಬಿಸಿಲಲ್ಲೂ ಮಳೆಯಲ್ಲೂ. ಪೊಲೀಸರು ಎರಡು ಸಲ ಎತ್ತಿ ಹಾಕಿದರು, ಎರಡು ಸಲವೂ ಮತ್ತೆ ಬಂದು ಮಲಗಿದರು. ಮೊದಮೊದಲು ನೂರಾರು ಜನ ಇದ್ದರು. ಕಡೆಗೆ ಉಳಿದದ್ದು ಒಂಬತ್ತು ಜನ. ಆ ಒಂಬತ್ತು ಜನಕ್ಕೆ ಒಂಬತ್ತು ಯಂತ್ರ ಕೊಟ್ಟು ಮಾಲೀಕ ಕೈ ತೊಳೆದುಕೊಂಡ. ಕಾಜದ ಯಂತ್ರವನ್ನು ಮಾತ್ರ ಅದಕ್ಕೂ ಮೊದಲೇ ಹಿಂಬಾಗಿಲಿನಿಂದ ಸಾಗಿಸಿದ್ದ, ಬೆಲೆ ಬಾಳುವುದು ಅಂತ.

ಒಂಬತ್ತು ಜನ ಸೇರಿ ಒಂದು ಶೆಡ್ ಹಿಡಿದರು. ಶಾಲೆಯ ಸಮವಸ್ತ್ರ, ಆಸ್ಪತ್ರೆಯ ದಿಂಬಿನ ಚೀಲ, ಹೋಟೆಲಿನ ಏಪ್ರನ್ನು, ಬಂದದ್ದೆಲ್ಲ ಹೊಲಿದರು. ಕಾಜದ ಯಂತ್ರ ಇಲ್ಲದ್ದರಿಂದ ಗುಂಡಿ ಅಷ್ಟೂ ಕಾಜವನ್ನು ಕೈಯಲ್ಲೇ ಕಟ್ಟಿದಳು. ಶೆಡ್ಡಿನಲ್ಲಿ ಕೂತ ಮೊದಲ ದಿನವೇ ಅವರು ಒಂದು ಕಟ್ಟುಪಾಡು ಮಾಡಿಕೊಂಡಿದ್ದರು: ಯಂತ್ರ ಮಾರಬಾರದು. ಯಾರು ಕಡೆಗೆ ಉಳಿಯುತ್ತಾರೋ ಅವರು ಹೊಲಿಗೆ ಕಲಿಯುವ ಹೆಣ್ಣುಮಕ್ಕಳಿಗೆ ಕೊಡಬೇಕು. ಮಾರಿ ತಿಂದವಳ ಕೈಗೆ ಲಕ್ವ ಹೊಡೆಯಲಿ.

ಹದಿನೆಂಟು ವರ್ಷ ಕಳೆದವು. ನಾಲ್ಕು ಜನ ಸತ್ತರು. ಮೂವರು ಮಕ್ಕಳ ಜೊತೆ ಬೇರೆ ಬೇರೆ ಕಡೆ ಹೋದರು. ಉಳಿದದ್ದು ಕತ್ತರಿ ಮತ್ತು ಗುಂಡಿ. ಗುಂಡಿಯ ಕಣ್ಣಿಗೆ ಪೊರೆ ಬಂತು. ಶೆಡ್ಡಿನ ಮಾಲೀಕ ಬಂದು, "ಅಕ್ಕಾ, ಕೆಡವಿ ಮೂರು ಮಹಡಿ ಕಟ್ಟಿಸ್ತಾ ಇದೀನಿ, ತಿಂಗಳ ಕೊನೆಗೆ ಖಾಲಿ ಮಾಡಿಕೊಡಿ" ಅಂದ. ಗುಜರಿಯವನಿಗೆ ಅದು ಹೇಗೆ ವಾಸನೆ ಬಂತೋ, ಮಾರನೆಯ ದಿನವೇ ತಕ್ಕಡಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಕತ್ತರಿ ಅವನಿಗೆ ಏನಂದಳು ಅನ್ನುವುದನ್ನು ಇಲ್ಲಿ ಬರೆಯಲಾಗುವುದಿಲ್ಲ.

ಪಕ್ಕದ ಅಂಗಡಿಯ ಹೆಂಗಸು ಬುದ್ಧಿ ಹೇಳಿದಳು. "ಯಾರಾದ್ರೂ ಅನಾಥ ಮಕ್ಕಳ ಸಂಸ್ಥೆಗೆ ಕೊಟ್ಟುಬಿಡಿ ಅಕ್ಕ. ಪುಣ್ಯ ಬರುತ್ತೆ."

"ಪುಣ್ಯ ಬಂದು ಮಿಷನ್ನಿಗೆ ಎಣ್ಣೆ ಬಿಡುತ್ತಾ?" ಅಂದಳು ಕತ್ತರಿ. "ಮೂಲೇಲಿ ಇಟ್ಟು ತುಕ್ಕು ಹಿಡಿಸೋರಿಗೆ ಕೊಡೋದೂ ಒಂದೇ, ಗುಜರಿಗೆ ಹಾಕೋದೂ ಒಂದೇ."

ಆದರೆ ಕೈಯಲ್ಲಿದ್ದದ್ದು ಇಪ್ಪತ್ತೇ ದಿನ.

ಹುಡುಕುವ ಕೆಲಸಕ್ಕೆ ಜೊತೆಯಾದವಳು ಸೊಸೆ. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಸೂಜಿ ಚುಚ್ಚುವವಳು. ಮನೆಯಲ್ಲಿ ಇಬ್ಬರಿಗೂ ಸೂಜಿಯೇ ಅನ್ನ ಹಾಕಿದ್ದು. ಅತ್ತೆಯ ಬಾಯಿಗೆ ಬೆಚ್ಚದ ಜೀವ ಆ ಬೀದಿಯಲ್ಲಿ ಇದ್ದದ್ದು ಅವಳೊಬ್ಬಳೇ. ಮದುವೆಯಾಗಿ ಬಂದ ವಾರದಲ್ಲೇ ಅತ್ತೆಯ ತೋಳಿಗೆ ಸೂಜಿ ಹಾಕಿ ಸಕ್ಕರೆ ಕಾಯಿಲೆ ಇದೆ ಅಂತ ಕಂಡುಹಿಡಿದು, ಚಹಾಕ್ಕೆ ಸಕ್ಕರೆ ನಿಲ್ಲಿಸಿದ್ದಳು. ಅದಕ್ಕೆ ಕತ್ತರಿ ಆರು ತಿಂಗಳು ಮುನಿಸಿಕೊಂಡು, ಏಳನೆಯ ತಿಂಗಳಿಂದ ಬೀದಿಯಲ್ಲೆಲ್ಲ "ನನ್ನ ಸೊಸೆ ಡಾಕ್ಟರಿಗಿಂತ ಜೋರು" ಅಂತ ಹೇಳಿಕೊಂಡು ತಿರುಗಿದಳು.

"ಮೊದಲು ನೋಂದಣಿ ಆಗಿದೆಯಾ ನೋಡೋಣ ಅತ್ತೆ. ಆಮೇಲೆ ವರ್ಷದ ವರದಿ ಹಾಕಿದಾರಾ ಅಂತ" ಅಂದಳು ಸೊಸೆ, ಫೋನು ಉಜ್ಜುತ್ತ.

"ನಿನ್ನ ಫೋನಲ್ಲಿ ಏನ್ ಬೇಕಾದ್ರೂ ಬರುತ್ತೆ ಕಣೇ. ಮೊನ್ನೆ ನನಗೆ ಲಾಟರಿ ಹೊಡೆದಿದೆ ಅಂತಾನೂ ಬಂದಿತ್ತು."

"ಅದಕ್ಕೇ ಫೋನಲ್ಲಿ ನೋಡಿದ್ಮೇಲೆ ಕಾಲಲ್ಲೂ ಹೋಗಿ ನೋಡೋದು. ರಕ್ತ ತೆಗೀದೆ ರಿಪೋರ್ಟ್ ಬರೆಯೋಕಾಗುತ್ತಾ?"

ಹೊಲಿಗೆ ಕಲಿಸುವ ಸಂಸ್ಥೆಗಳು ಎರಡು ಸಿಕ್ಕವು. ಒಂದು ಹತ್ತಿರದ್ದು. ಸೈಕಲ್ ರಿಪೇರಿ ಅಂಗಡಿಯ ಮೇಲೆ ಎರಡು ಕೋಣೆ. ನಡೆಸುವವಳು ಮೊದಲು ಅಂಚೆ ಹಂಚುತ್ತಿದ್ದವಳು. ಎಲ್ಲರೂ ಪೋಸ್ಟಮ್ಮ ಅನ್ನುತ್ತಿದ್ದರು. ಯಾವ ಮನೆಯಲ್ಲಿ ಯಾವ ಹುಡುಗಿ ಶಾಲೆ ಬಿಟ್ಟು ಕೂತಿದ್ದಾಳೆ ಅನ್ನುವುದು ಬಾಗಿಲು ಬಾಗಿಲಿಗೆ ಹೋಗಿ ಅವಳಿಗೆ ಗೊತ್ತಿತ್ತು. ಕೆಲಸ ಬಿಟ್ಟ ಮೇಲೆ ಅದೇ ಬಾಗಿಲುಗಳಿಗೆ ಮತ್ತೆ ಹೋಗಿ ಹುಡುಗಿಯರನ್ನು ಎಳೆದುಕೊಂಡು ಬಂದಿದ್ದಳು. ಸೊಸೆ ಹುಡುಕಿದರೆ ಅವಳ ಸಂಸ್ಥೆಯ ನೋಂದಣಿಯ ಅವಧಿ ಹಿಂದಿನ ವರ್ಷವೇ ಮುಗಿದಿತ್ತು. ವರದಿ ಒಂದೂ ಇಲ್ಲ.

ಅತ್ತೆ ಸೊಸೆ ಮೆಟ್ಟಿಲು ಹತ್ತಿ ಹೋದಾಗ ಪೋಸ್ಟಮ್ಮ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಒಬ್ಬ ಹುಡುಗಿಯ ಬಟ್ಟೆ ಸರಿಮಾಡುತ್ತಿದ್ದಳು. ಹದಿನಾಲ್ಕು ಹುಡುಗಿಯರು, ನಾಲ್ಕು ಯಂತ್ರ. ಒಬ್ಬಳು ಹೊಲಿದರೆ ಇಬ್ಬರು ಮೂವರು ನೋಡುತ್ತ ನಿಂತಿದ್ದರು. ನೆಲದ ತುಂಬ ಚಿಂದಿ.

"ಮಿಷನ್ ಕೊಡೋಣ ಅಂತ ಬಂದ್ವಿ" ಅಂದಳು ಸೊಸೆ.

"ಕೊಡಿ" ಅಂದಳು ಪೋಸ್ಟಮ್ಮ, ಸೂಜಿ ಉಗಿದು. "ಫೋಟೋ ತೆಗೆಸ್ಕೊಳ್ಳೋದು, ಭಾಷಣ ಮಾಡೋದು ಇದ್ರೆ ಭಾನುವಾರ ಬನ್ನಿ. ಈಗ ನನಗೆ ಕ್ಲಾಸಿದೆ."

ಕತ್ತರಿಗೆ ಉರಿಯಿತು. ಅವಳು ಹಗ್ಗದ ಮೇಲೆ ನೇತುಹಾಕಿದ್ದ ಒಂದು ಶರ್ಟು ಎಳೆದು, ಕಾಲರ್ ಮಡಿಸಿ, ಎರಡು ತುದಿ ಜೋಡಿಸಿ ನೋಡಿದಳು. ಒಂದು ತುದಿ ಇನ್ನೊಂದಕ್ಕಿಂತ ಅರ್ಧ ಬೆರಳು ಉದ್ದ.

"ಇದು ಕಾಲರೋ, ಮೊಲದ ಕಿವಿಯೋ?"

ಹುಡುಗಿಯರು ಕಿಸಕ್ಕನೆ ನಕ್ಕರು. ಹೊಲಿದವಳು ಮಾತ್ರ ನಗಲಿಲ್ಲ. ಪೋಸ್ಟಮ್ಮ ಶರ್ಟು ಕಿತ್ತುಕೊಂಡು ಮತ್ತೆ ಹಗ್ಗಕ್ಕೆ ಹಾಕಿದಳು. "ಕಲಿಯೋಕೆ ಬಂದಿರೋ ಮಕ್ಕಳು ಅಮ್ಮ. ಹೊಟ್ಟೇಲೇ ಕಲ್ತು ಬಂದಿಲ್ಲ."

"ಕಲಿಸೋರಿಗೆ ಬಂದ್ರೆ ತಾನೇ" ಅಂದು ಕತ್ತರಿ ಮೆಟ್ಟಿಲಿಳಿದಳು. ಬೀದಿಯಲ್ಲಿ ಸೊಸೆಗೆ ಅಂದಳು: "ಕಾಗದಾನೂ ಇಲ್ಲ, ಕಾಲರೂ ಇಲ್ಲ. ಇನ್ನೊಂದು ನೋಡೋಣ ನಡಿ."

ಇನ್ನೊಂದಕ್ಕೆ ಎರಡು ಬಸ್ಸು ಹಿಡಿಯಬೇಕಿತ್ತು. ಸೊಸೆಯ ಲ್ಯಾಬಿನ ಗೋಡೆಯ ಮೇಲೂ ಅದರ ಪೋಸ್ಟರ್ ಇತ್ತು: ಹೊಲಿಗೆ ಯಂತ್ರದ ಮುಂದೆ ಕೂತು ನಗುವ ಹುಡುಗಿ, ಕೆಳಗೆ 'ಅವಳ ಕೈಗೆ ನಿಮ್ಮ ಕೈ ಜೋಡಿಸಿ'. ನೋಂದಣಿ ಸರಿಯಿತ್ತು. ಐದು ವರ್ಷದ ವರದಿ ಬಣ್ಣದ ಚಿತ್ರಗಳ ಸಮೇತ ಇತ್ತು. ಕಟ್ಟಡದ ಬಾಗಿಲು ಗಾಜಿನದು. ಅಧ್ಯಕ್ಷೆ ತಾನೇ ಎದ್ದು ಬಂದು, "ಬನ್ನಿ ಅಮ್ಮ, ನಿಮ್ಮಂಥ ಶ್ರಮಜೀವಿಗಳಿಂದಲೇ ದೇಶ ನಡೀತಿರೋದು" ಅಂದು ಕತ್ತರಿಯ ಎರಡೂ ಕೈ ಹಿಡಿದುಕೊಂಡಳು. ಅರವತ್ತನಾಲ್ಕು ದಿನ ಗೇಟಿನ ಮುಂದೆ ಬಿದ್ದಾಗ ಹೀಗೆ ಕೈ ಹಿಡಿದವರು ಯಾರೂ ಇರಲಿಲ್ಲ. ಕತ್ತರಿಗೂ ಮನುಷ್ಯರಿಗಿರುವ ಹೃದಯವೇ ಇರುವುದು. ಅದು ಸ್ವಲ್ಪ ಉಬ್ಬಿತು.

ಒಳಗೆ ಹನ್ನೆರಡು ಯಂತ್ರ, ಪ್ರತಿಯೊಂದಕ್ಕೂ ನೀಲಿ ಹೊದಿಕೆ. ಆರು ಹುಡುಗಿಯರು ಒಂದೇ ಬಣ್ಣದ ಬಟ್ಟೆ ಹಾಕಿಕೊಂಡು ಎದ್ದು ನಿಂತು ನಮಸ್ಕಾರ ಹೇಳಿದರು. ಗೋಡೆಯ ಕಪಾಟಿನಲ್ಲಿ ಮಕ್ಕಳು ಹೊಲಿದ ಶರ್ಟುಗಳು. ಕತ್ತರಿ ಒಂದನ್ನು ತೆಗೆದು ಕಾಲರ್ ಮಡಿಸಿ ತುದಿ ಜೋಡಿಸಿದಳು. ಕೂದಲೆಳೆಯ ವ್ಯತ್ಯಾಸ ಇಲ್ಲ. ಮೂಲೆ ಹರಿತವಾಗಿ ತಿರುಗಿತ್ತು, ಹೊಲಿಗೆ ಅಂಚಿನಿಂದ ಒಂದೇ ದೂರದಲ್ಲಿ ಸುತ್ತಿ ಬಂದಿತ್ತು. ಇನ್ನೊಂದು ತೆಗೆದಳು, ಅದೂ ಹಾಗೇ. ಅವಳ ಲೈನಿನಲ್ಲಿ ಹತ್ತು ವರ್ಷ ಸವೆದವರಿಗೂ ಅಂಥ ಕಾಲರ್ ಬರುತ್ತಿರಲಿಲ್ಲ. ಅವಳಿಗೆ ತನ್ನ ಪ್ರಾಯದ ಕೈಯನ್ನೇ ನೋಡಿದ ಹಾಗಾಯಿತು.

"ಇದು ಯಾರು ಕೂರಿಸಿದ್ದು?" ಅಂದಳು.

"ಎಲ್ಲಾ ನಮ್ಮ ಮಕ್ಕಳೇ" ಅಂದಳು ಅಧ್ಯಕ್ಷೆ. "ನೀವೇ ಇಟ್ಕೊಳ್ಳಿ ಅಮ್ಮ, ಅವರ ನೆನಪಿಗೆ. ಗಾಡಿ ನಾವೇ ಕಳಿಸ್ತೀವಿ. ಗುರುವಾರ ಆಗಬಹುದಾ?"

ಆಗಬಹುದು ಅಂದಳು ಕತ್ತರಿ. ಬಸ್ಸಿನಲ್ಲಿ ಸೊಸೆ ಮೆಲ್ಲಗೆ, "ಆ ಹುಡುಗೀರ ಹತ್ರ ಎರಡು ಮಾತಾಡಬೇಕಿತ್ತು ಅತ್ತೆ. ಮೇಡಂ ಪಕ್ಕದಿಂದ ಕದಲಲೇ ಇಲ್ಲ" ಅಂದಳು.

"ಕಾಲರ್ ಮಾತಾಡ್ತಲ್ಲೇ! ಬಾಯಲ್ಲಿ ಸುಳ್ಳು ಹೇಳಬಹುದು, ಕಾಲರಲ್ಲಿ ಹೇಳೋಕಾಗಲ್ಲ."

ಅತ್ತೆ ಖುಷಿಯಾಗಿ ಇರುವುದು ವರ್ಷಕ್ಕೆ ಎರಡು ಮೂರು ಸಲ. ಅದನ್ನು ಕೆಡಿಸಲು ಅವಳಿಗೆ ಮನಸ್ಸು ಬರಲಿಲ್ಲ.

ಬುಧವಾರ ಬೆಳಿಗ್ಗೆ ಕತ್ತರಿ ಆ ಶರ್ಟು ಹಿಡಿದು ಗುಂಡಿಯ ಮನೆಗೆ ಹೋದಳು. ಕೊಡುವ ಮೊದಲು ಇಬ್ಬರೂ ಒಪ್ಪಬೇಕಲ್ಲ. ಗುಂಡಿ ಕಿಟಕಿಯ ಹತ್ತಿರ ಕೂತಿದ್ದಳು, ಮಂಜು ಕಣ್ಣಿಗೆ ಬೆಳಕು ಎಲ್ಲಿದೆಯೋ ಆ ಕಡೆ ಮುಖ ಮಾಡಿಕೊಂಡು.

"ತಗೋ, ನೋಡು" ಅಂದು ಕತ್ತರಿ ಶರ್ಟನ್ನು ಅವಳ ತೊಡೆಯ ಮೇಲೆ ಎಸೆದಳು. "ಕಾಲರ್ ಅಂದ್ರೆ ಇದು."

"ಕಣ್ಣೇ ಕಾಣಲ್ಲ ಅನ್ನೋಳಿಗೆ ನೋಡು ಅಂತೀಯಲ್ಲೇ, ಮೂದೇವಿ." ಗುಂಡಿ ಶರ್ಟನ್ನು ಎತ್ತಿಕೊಂಡಳು. ಅವಳ ಕೈ ಕಾಲರಿಗೆ ಹೋಗಲೇ ಇಲ್ಲ, ನೇರ ಎದೆಯ ಪಟ್ಟಿಗೆ ಹೋಯಿತು. ಹೆಬ್ಬೆರಳು ಮೊದಲ ಕಾಜದ ಮೇಲೆ ನಿಂತಿತು, ಎರಡನೆಯದಕ್ಕೆ ಇಳಿಯಿತು, ಮೂರನೆಯದಕ್ಕೆ. ಆರೂ ಕಾಜ ಮುಗಿಸಿ ಮತ್ತೆ ಮೇಲಕ್ಕೆ ಬಂತು.

"ಅವರ ಹತ್ರ ಕಾಜದ ಮಿಷನ್ ಇದೆಯಾ?"

"ಹೊಲಿಗೆ ಮಿಷನ್ನು ಹನ್ನೆರಡಿದಾವೆ."

"ಕಾಜದ್ದು ಅಂದೆ. ನಾನು ಓಡಿಸ್ತಿದ್ನಲ್ಲ, ಅಂಥದ್ದು. ಇದು ಅದರದ್ದೇ ಕಾಜ ಕಣೇ. ಎರಡೂ ತುದೀಲಿ ಗಂಟು ಒಂದೇ ಸಮ, ಮಧ್ಯೆ ಕತ್ತಿ ಬಿದ್ದಿರೋದು ಆಮೇಲೆ. ಕೈಯಲ್ಲಿ ಕಟ್ಟೋರು ಮೊದಲು ಕತ್ತರಿಸಿ ಆಮೇಲೆ ಕಟ್ತಾರೆ."

ಕತ್ತರಿ ಆ ಕೋಣೆಯನ್ನು ಮನಸ್ಸಿನಲ್ಲೇ ಸುತ್ತಿ ಬಂದಳು. ಹನ್ನೆರಡೂ ಒಂದೇ ಥರದ ಸಾದಾ ಯಂತ್ರ.

ಗುಂಡಿ ಶರ್ಟನ್ನು ತಿರುವಿ ಪಕ್ಕದ ಹೊಲಿಗೆಗೆ ಬೆರಳಿಟ್ಟಳು. "ಇಲ್ಲೂ ಎರಡು ಸಾಲು ಹೊಲಿಗೆ. ಎರಡು ಸೂಜಿ ಮಿಷನ್ನಿಂದು. ಕಾರ್ಖಾನೆ ಶರ್ಟು ಇದು, ಅಂಗಡಿಯಿಂದ ತಂದು ಪಟ್ಟಿ ಕಿತ್ತಿದಾರೆ. ಕತ್ತಿನ ಹತ್ರ ನೋಡು, ಹೆಸರಿನ ಪಟ್ಟಿ ಬಿಚ್ಚಿದ ದಾರ ಇನ್ನೂ ಚುಚ್ಚುತ್ತೆ. ಅಲ್ವೇ, ನೀನು ಏನು ನೋಡ್ದೆ?"

"ಕಾಲರ್."

"ಬರೀ ಕಾಲರ್?"

ಕತ್ತರಿ ತಲೆಯಾಡಿಸಿದಳು. ಗುಂಡಿಗೆ ಅದು ಕಾಣಲಿಲ್ಲ, ಆದರೆ ಅರ್ಥವಾಯಿತು. ಮೊದಲು ಅವಳ ಹೊಟ್ಟೆ ಕುಲುಕಿತು, ಆಮೇಲೆ ಹೆಗಲು, ಆಮೇಲೆ ಕುರ್ಚಿ. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

"ಇಪ್ಪತ್ತಾರು ವರ್ಷ ಕುತ್ತಿಗೆಗಿಂತ ಕೆಳಗೆ ಇಳಿದೋಳೇ ಅಲ್ಲ ನೀನು! ನಿನ್ನ ಗಂಡನ್ನೂ ಹಾಗೇ ನೋಡಿ ಒಪ್ಪಿಕೊಂಡ್ಯೇನೇ?"

"ಬಾಯ್ ಮುಚ್ಚು" ಅಂದಳು ಕತ್ತರಿ. ನಾಳೆ ಗುರುವಾರ. ಗಾಡಿ ಬಂದಿದ್ದರೆ ಒಂಬತ್ತನ್ನೂ ತಾನೇ ಎತ್ತಿ ಕೊಡುತ್ತಿದ್ದಳು. ಸತ್ತ ನಾಲ್ಕು ಜನ ಕೇಳಲು ಬರುವುದಿಲ್ಲ, ಸರಿ. ಬದುಕಿರುವ ಮೂವರು ಫೋನು ಮಾಡಿ ಕೇಳುತ್ತಾರೆ. ಏನು ಹೇಳುವುದು? ಕೈ ಹಿಡಿದು ದೇಶದ ವಿಷಯ ಮಾತಾಡಿದರು, ಕೊಟ್ಟುಬಿಟ್ಟೆ ಅಂತಲೇ?

ಅವಳು ಸೊಸೆಗೆ ಫೋನು ಮಾಡಿ, "ರಜ ಹಾಕು. ಬಾ" ಅಂದಳು. ಕಾರಣ ಕೇಳದೆ ಸೊಸೆ ಬಂದಳು.

ಹೇಳದೆ ಕೇಳದೆ ಹೋದದ್ದಕ್ಕೆ ಗಾಜಿನ ಬಾಗಿಲ ಹಿಂದೆ ಸಿಕ್ಕವಳು ನೆಲ ಒರೆಸುವ ಹೆಂಗಸು ಒಬ್ಬಳೇ. ಹುಡುಗಿಯರು ಎಲ್ಲಿ ಅಂತ ಸೊಸೆ ಕೇಳಿದಳು.

"ಯಾವ ಹುಡುಗೀರು? ಓ, ಅವರಾ. ಯಾರಾದ್ರೂ ನೋಡೋಕೆ ಬರೋ ದಿನ ಬರ್ತಾರೆ" ಅಂದಳು ಅವಳು, ಬಕೆಟ್ಟಿನಲ್ಲಿ ಬಟ್ಟೆ ಹಿಂಡುತ್ತ. "ಮಿಷನ್ನೂ ಅಷ್ಟೇ. ಬರ್ತವೆ, ಹೋಗ್ತವೆ. ಈ ಹನ್ನೆರಡು ಮಾತ್ರ ಇಲ್ಲೇ ಇರ್ತವೆ, ನಾನು ಧೂಳು ಹೊಡೀತೀನಿ."

ಕತ್ತರಿ ಒಂದು ನೀಲಿ ಹೊದಿಕೆ ಎಳೆದಳು. ಮೊಣಕಾಲೂರಿ ಕೂತು, ಸೂಜಿಯ ಕೆಳಗಿನ ತಟ್ಟೆ ಸರಿಸಿ, ಅಡಿದಾರದ ಬಾಬಿನ್ ಕೇಸು ಹೊರಗೆಳೆದಳು. ಓಡಿದ ಯಂತ್ರದ ಆ ಗೂಡಿನಲ್ಲಿ ದಾರದ ನವಿರು, ಬಟ್ಟೆಯ ಧೂಳು, ಎಣ್ಣೆ ಎಲ್ಲ ಸೇರಿ ಇಲಿಯ ಗೂಡಿನಂತೆ ಉಂಡೆಗಟ್ಟಿರುತ್ತದೆ. ದಿನಾ ಕಿತ್ತರೂ ದಿನಾ ಇರುತ್ತದೆ. ಇಲ್ಲಿ ಬೆರಳಿಗೆ ಹತ್ತಿದ್ದು ತಯಾರಾದ ಕಡೆಯಲ್ಲಿ ಬಳಿದಿದ್ದ ಹಳದಿ ಗ್ರೀಸು, ಮೊಸರಿನ ಕೆನೆಯಂತೆ ಗಟ್ಟಿಯಾಗಿ. ಎರಡನೆಯದು ತೆಗೆದಳು, ಮೂರನೆಯದು ತೆಗೆದಳು. ಸೊಸೆ ಒಂದೊಂದರ ಫೋಟೋ ಹಿಡಿಯುತ್ತ ಬಂದಳು. ಐದನೆಯದರ ಹತ್ತಿರ ಇರುವಾಗ ಅಧ್ಯಕ್ಷೆ ಬಂದಳು.

"ಏನಮ್ಮಾ ಇದು? ನಮ್ಮ ಮೇಲೆ ನಂಬಿಕೆ ಇಲ್ವಾ?"

"ನಂಬಬೇಕು ಅಂತಾನೇ ಬಂದೆ. ಈ ಶರ್ಟಿನ ಕಾಜ ಯಾವ ಮಿಷನ್ನಲ್ಲಿ ಆಯ್ತು, ತೋರಿಸಿ."

"ಅದು... ಕಾಜ ಹೊರಗಡೆ ಹಾಕಿಸ್ತೀವಿ."

"ಆಗಲಿ, ಹಾಗೆ ಹೊರಗೆ ಕೊಡೋರೂ ಇದಾರೆ. ಕಾಲರ್ ಕೂರಿಸಿದ ಹುಡುಗೀನ ಕರೀರಿ. ಅವಳು ಕೂರಿಸಲಿ, ನಾನು ನೋಡ್ತೀನಿ. ಮೆಚ್ಚಿದ್ರೆ ಈಗಲೇ ಒಂಬತ್ತೂ ನಿಮ್ಮದು."

"ಇವತ್ತು ರಜ ಅವರಿಗೆ."

"ಮಿಷನ್ನಿಗೂ ರಜಾನಾ? ಹುಟ್ಟಿದಾಗಿನಿಂದ ರಜಾನಾ?" ಕತ್ತರಿ ಗ್ರೀಸು ಹತ್ತಿದ ಬೆರಳನ್ನು ಅಧ್ಯಕ್ಷೆಯ ಮೂಗಿನ ಮುಂದೆ ಹಿಡಿದಳು. "ಮೊದಲು ಕೊಟ್ಟೋರ ಮಿಷನ್ನು ಎಲ್ಲಿ ಹೋದವು? ಅವರ ಹೆಸರಾದ್ರೂ ಹೇಳಿ, ನಾನೇ ಹೋಗಿ ಕೇಳ್ತೀನಿ."

ಅಧ್ಯಕ್ಷೆ ದೇಶದ ವಿಷಯ ಮಾತಾಡಲಿಲ್ಲ. ಕಾವಲುಗಾರನನ್ನು ಕರೆದಳು. ಅವನು ಬಂದು ಕತ್ತರಿಯ ತೋಳಿಗೆ ಕೈ ಹಾಕಿದ. ಪೊಲೀಸರು ಎತ್ತಿ ಹಾಕಿದ ತೋಳು ಅದು; ಇವನೇನು ಲೆಕ್ಕ. ಕೊಸರಿಕೊಂಡು ತಾನೇ ನಡೆದು ಬಂದಳು, ಶರ್ಟನ್ನು ಮೇಜಿನ ಮೇಲೆ ಒಗೆದು.

ಅಂದು ಸಂಜೆಯೇ ಸೊಸೆ ನೋಂದಣಿ ಕಚೇರಿಗೆ ದೂರು ಬರೆದಳು, ಐದು ಯಂತ್ರದ ಫೋಟೋ ಸಮೇತ. ಪರಿಶೀಲಿಸುತ್ತೇವೆ ಅಂತ ಉತ್ತರ ಬಂತು. ಪರಿಶೀಲಿಸುತ್ತಲೇ ಇದ್ದಾರೆ. ಲ್ಯಾಬಿನ ಗೋಡೆಯ ಪೋಸ್ಟರನ್ನು ಮಾತ್ರ ಅವಳು ಆವತ್ತೇ ಕಿತ್ತಳು. ಮೇಲಿನವರು ಕೇಳಿದ್ದಕ್ಕೆ ಗೋಂದು ಒಣಗಿ ಬಿತ್ತು ಅಂದಳು.

ಶೆಡ್ ಖಾಲಿ ಮಾಡಲು ಇನ್ನು ಒಂಬತ್ತು ದಿನ. ಕತ್ತರಿ ಎರಡು ದಿನ ಯಾರ ಜೊತೆಯೂ ಮಾತಾಡದೆ ಕೂತಳು. ಅವಳು ಮಾತಾಡದಿದ್ದರೆ ಬೀದಿಗೇ ಜ್ವರ ಬಂದ ಹಾಗೆ. ಮೂರನೆಯ ದಿನ ಸೊಸೆ ಸಕ್ಕರೆ ಹಾಕಿದ ಚಹಾ ತಂದು ಮುಂದಿಟ್ಟಳು.

"ಸೈಕಲ್ ಅಂಗಡಿ ಮೇಲಿನ ಮಿಷನ್ನು ಬಿಚ್ಚಿ ನೋಡಲೇ ಇಲ್ವಲ್ಲ ಅತ್ತೆ ನಾವು."

"ಅವಳ ಹತ್ರ ಕಾಗದ ಇಲ್ಲ."

"ಇಲ್ಲ. ಕೇಳೋಣ ಯಾಕಿಲ್ಲ ಅಂತ. ಬಡವಿ ಅಂತ ನಂಬೋದೂ ಬೇಡ, ಗಾಜಿನ ಬಾಗಿಲಿಲ್ಲ ಅಂತ ಬಿಡೋದೂ ಬೇಡ."

ಚಹಾ ಕುಡಿದು ಮುಗಿಸಿ ಕತ್ತರಿ ಸ್ಕ್ರೂಡ್ರೈವರ್ ತೆಗೆದುಕೊಂಡಳು. ಹೋಗುವಾಗ ಗುಂಡಿಯನ್ನೂ ಎಬ್ಬಿಸಿಕೊಂಡು ಹೋದಳು.

ಪೋಸ್ಟಮ್ಮ ಬಾಗಿಲಲ್ಲಿ ಮೂವರನ್ನೂ ನೋಡಿ, "ಇವತ್ತು ಸೈನ್ಯಾನೇ ಕರ್ಕೊಂಡು ಬಂದ್ರಾ?" ಅಂದಳು.

"ನಿನ್ನ ಮಿಷನ್ ಬಿಚ್ಚಬೇಕು."

"ಬಿಚ್ಚಿ. ಹಾಕೋಕೂ ಬರುತ್ತೆ ತಾನೇ?"

ನಾಲ್ಕು ಯಂತ್ರದ ಹೊಟ್ಟೆಯಲ್ಲೂ ಉಂಡೆ ಉಂಡೆ ನವಿರು ಸಿಕ್ಕಿತು. ಕೆಂಪು, ನೀಲಿ, ಬಿಳಿ, ಪದರ ಪದರವಾಗಿ. ಒಂದರ ತಟ್ಟೆಯ ಮೇಲೆ ಸೂಜಿ ಬಡಿದು ಬಡಿದು ಸಣ್ಣ ಹಳ್ಳವೇ ಬಿದ್ದಿತ್ತು. ಕತ್ತರಿ ಬೈಯುತ್ತಲೇ ಕಿತ್ತು ಹಾಕಿದಳು. "ಇದನ್ನ ಎಷ್ಟು ದಿನದಿಂದ ಒರೆಸಿಲ್ಲ? ದನಾನೂ ಹೀಗೆ ದುಡಿಸಲ್ಲ!" ಬೈಗುಳದ ಧ್ವನಿ ಬೇರೆಯಾಗಿತ್ತು. ಸೊಸೆಗೆ ಅದು ಗೊತ್ತಾಯಿತು.

ಗುಂಡಿ ಹಗ್ಗದ ಮೇಲಿನ ಬಟ್ಟೆಗಳನ್ನು ಒಂದೊಂದಾಗಿ ತಡವಿಕೊಂಡು ಬಂದಳು. ಕಾಜಗಳು ಕೈಯವು, ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಕಟ್ಟಿದವು. ಒಂದು ಕಾಜದಲ್ಲಿ ಗುಂಡಿಯೇ ತೂರಲಿಲ್ಲ. "ಇದನ್ನ ಕಟ್ಟಿದ ಕೋತಿ ಯಾವುದು?" ಅಂದಳು. ಒಬ್ಬ ಹುಡುಗಿ ಮುಂದೆ ಬಂದಳು. "ಹೋದ ತಿಂಗಳು ಕಟ್ಟಿದ್ದು ಅಜ್ಜಿ. ಈ ತಿಂಗಳದ್ದು ನೋಡಿ" ಅಂದು ಇನ್ನೊಂದು ಶರ್ಟನ್ನು ಅವಳ ಕೈಗೆ ಕೊಟ್ಟಳು. ಗುಂಡಿಯ ಹೆಬ್ಬೆರಳು ಎರಡರ ಮೇಲೂ ಓಡಾಡಿತು. ಎರಡನೆಯದು ಸ್ವಲ್ಪ ವಾಸಿ ಇತ್ತು. ಸ್ವಲ್ಪವೇ. ಆದರೆ ಕಲಿಯುತ್ತಿರುವ ಕೈಯ ಸ್ವಲ್ಪ ಅದು.

ಸೊಸೆ ಹುಡುಗಿಯರನ್ನು ಇನ್ನೊಂದು ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿ ಅರ್ಧ ಗಂಟೆ ಮಾತಾಡಿದಳು. ಪೋಸ್ಟಮ್ಮ ತಡೆಯಲಿಲ್ಲ. ಹೊರಗೆ ಬಂದು ಸೊಸೆ ಹೇಳಿದ್ದು ಇಷ್ಟು: "ಇಲ್ಲಿ ಕಲ್ತು ಹೋದ ಐದು ಜನರ ಮನೆ ವಿಳಾಸ ಕೊಟ್ಟಿದಾರೆ. ಪೋಸ್ಟಮ್ಮ ತುಂಬ ಬೈತಾರಂತೆ."

ಐದು ವಿಳಾಸಕ್ಕೂ ಅತ್ತೆ ಸೊಸೆ ಹೋದರು. ಮೂವರು ಹೊಲಿಗೆಯಲ್ಲೇ ದುಡಿಯುತ್ತಿದ್ದರು. ಒಬ್ಬಳು ಹೊಲಿಗೆ ಬಿಟ್ಟು ಅಂಗಡಿ ಸೇರಿದ್ದಳು. ಒಬ್ಬಳು ಮನೆ ಬದಲಿಸಿದ್ದಳು, ಸಿಗಲಿಲ್ಲ. ಐದಕ್ಕೆ ಐದೂ ಚೆನ್ನಾಗಿದೆ ಅಂದಿದ್ದರೆ ನಾನು ನಂಬುತ್ತಿರಲಿಲ್ಲ ಅಂದಳು ಸೊಸೆ.

ಕಾಗದದ ವಿಷಯಕ್ಕೆ ಪೋಸ್ಟಮ್ಮ ತಲೆ ತಗ್ಗಿಸಿದಳು. ಕಚೇರಿಗೆ ಮೂರು ಸಲ ಹೋಗಿದ್ದಳಂತೆ. ಮೂರು ಸಲವೂ ಕ್ಲಾಸು ನಿಂತಿತು, ನಾಲ್ಕನೆಯ ಸಲ ಹೋಗಲಿಲ್ಲ. "ಊರಿನ ಕಾಗದ ಎಲ್ಲಾ ಹಂಚಿದೋಳು, ನಿನ್ನ ಕಾಗದ ನಿನಗೆ ತಂದುಕೊಳ್ಳೋಕಾಗಲ್ವಾ?" ಅಂದಳು ಕತ್ತರಿ. "ಕಾಗದ ಇಲ್ಲದೆ ಮಿಷನ್ ಇಲ್ಲ. ನೀನು ನಾಳೆ ಬಸ್ಸಿಗೆ ಬಿದ್ದು ಸತ್ತರೆ ಇವು ಯಾರ ಮಿಷನ್ನು? ನಿನ್ನ ನೆಂಟರದಾ?" ಸೊಸೆ ಪೋಸ್ಟಮ್ಮನ ಜೊತೆ ನಿಂತು ಅರ್ಜಿ ತುಂಬಿಸಿದಳು. ಆ ನಾಲ್ಕು ದಿನ ಕ್ಲಾಸು ತೆಗೆದುಕೊಂಡವಳು ಕತ್ತರಿ. ಹುಡುಗಿಯರು ಅತ್ತರೂ ಒಬ್ಬಳೂ ಬಿಟ್ಟು ಹೋಗಲಿಲ್ಲ. ತಿಂಗಳ ಕೊನೆಯ ಹಿಂದಿನ ದಿನ ನೋಂದಣಿ ಬಂತು. ಕೊನೆಯ ದಿನ ಒಂಬತ್ತೂ ಯಂತ್ರ ಮೆಟ್ಟಿಲು ಹತ್ತಿದವು, ಕೆಳಗಿನ ಸೈಕಲ್ ಅಂಗಡಿಯವರ ಹೆಗಲ ಮೇಲೆ.

ಕೊಟ್ಟು ಕೈ ತೊಳೆದುಕೊಳ್ಳುವುದು ಮಾಲೀಕರ ಕೆಲಸ. ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಕತ್ತರಿ ಹೇಳದೆ ಹೋಗಿ ನಿಂತಳು. ಪೋಸ್ಟಮ್ಮನ ಹಳೆಯ ನಾಲ್ಕು ಯಂತ್ರ ಪಕ್ಕದ ಕೋಣೆಯಲ್ಲಿದ್ದವು. ಈ ಕೋಣೆಯಲ್ಲಿ ಕತ್ತರಿ ಕೊಟ್ಟ ಎಂಟು ಗಡಗಡ ಓಡುತ್ತಿದ್ದವು. ಒಂಬತ್ತನೆಯದು ಮೂಲೆಯಲ್ಲಿ, ಮೇಲೆ ಒಂದು ಚಾದರ ಹೊದ್ದು ಕೂತಿತ್ತು.

ಅವಳು ನೇರ ಅಲ್ಲಿಗೆ ಹೋದಳು. ಚಾದರ ಎಳೆದು ಬಾಬಿನ್ ಕೇಸು ಹೊರಗೆ ತೆಗೆದಳು. ತಾನು ಕೊಡುವ ದಿನ ಒರೆಸಿದ ಹಾಗೇ ಇತ್ತು.

"ಇದು ಯಾಕೆ ಕೂತಿದೆ?"

ಪೋಸ್ಟಮ್ಮ ಕೈ ಒರೆಸಿಕೊಂಡು ಹತ್ತಿರ ಬಂದಳು. "ಈ ಕೋಣೆ ವೈರು ಎಂಟಕ್ಕೇ ಸುಸ್ತಾಗುತ್ತೆ ಅಕ್ಕ. ಒಂಬತ್ತು ಹಾಕಿದ್ರೆ ಕೆಳಗಿನ ಅಂಗಡೀದೂ ಸೇರಿ ಫ್ಯೂಸ್ ಹೋಗುತ್ತೆ."

"ತಿಂಗಳಿಂದಾನಾ? ಹೇಳೋಕೇನು, ಬಾಯಿಗೆ ಹೊಲಿಗೆ ಹಾಕಿದ್ರಾ?"

"ಹೇಳಿದ್ರೆ ವಾಪಸ್ ತಗೊಂಡು ಹೋಗ್ತೀರ ಅಂತ ಹೆದರಿದೆ."

"ಹೇಳದೆ ಇದ್ದಿದ್ದಕ್ಕೆ ತಗೊಂಡು ಹೋಗೋಣ ಅನ್ನಿಸ್ತಿದೆ ಈಗ." ಕತ್ತರಿ ಅವಳ ಮುಖವನ್ನೇ ನೋಡಿದಳು. ಅಂಥ ಬಾಯಿಯ ಹೆಂಗಸು ಶಾಲೆಯ ಹುಡುಗಿಯ ಹಾಗೆ ನಿಂತಿದ್ದಳು. "ಕೇಳು. ಕೆಟ್ಟಿದ್ರೆ ಕೆಟ್ಟಿದೆ ಅನ್ನು, ಕೂತಿದ್ರೆ ಕೂತಿದೆ ಅನ್ನು. ನಾನು ಕಚ್ಚಲ್ಲ. ಕಚ್ಚಿದ್ರೂ ಹಲ್ಲು ನಾಲ್ಕೇ ಇರೋದು. ಆದ್ರೆ ಮುಚ್ಚಿಡಬೇಡ."

"ಇಲ್ಲ ಅಕ್ಕ."

"ಈ ಬೀದೀಲಿ ವೈರಿಂಗ್ ಮಾಡೋನು ಯಾರು?"

ವೈರಿಂಗಿನವನು ಬರುವಷ್ಟರಲ್ಲಿ ನಾಲ್ಕು ಗಂಟೆಯಾಯಿತು. ಕೆಳಗಿನ ಮೀಟರಿನಿಂದ ಬೇರೆ ಲೈನು ಎಳೆಯಬೇಕು, ನಾಳೆ ಬರುತ್ತೇನೆ ಅಂದ. ಇವತ್ತೇ ಅಂದಳು ಕತ್ತರಿ. ಗೋಡೆ ಕೊರೆಯಬೇಕು ಅಂದ. ಕೊರಿ ಅಂದಳು. ಏಣಿ ಹಿಡಿಯುವವರು ಬೇಕು ಅಂದ. ಅವಳು ಎದ್ದು ಏಣಿ ಹಿಡಿದು ನಿಂತಳು, ತಲೆಯ ಮೇಲೆ ಸುಣ್ಣದ ಪುಡಿ ಬೀಳಿಸಿಕೊಳ್ಳುತ್ತ, ಅವನು ತಂತಿ ಹಿಡಿಯುವ ರೀತಿಗೆ ಹೆಸರಿಡುತ್ತ. ಐದೂವರೆಗೆ ಅವನು ಸ್ವಿಚ್ಚು ಒತ್ತಿದ. ಇದುವರೆಗೆ ನಿಂತು ನೋಡುತ್ತಿದ್ದ ಒಬ್ಬ ಹುಡುಗಿ ಬಂದು ಒಂಬತ್ತನೆಯದರ ಮುಂದೆ ಕೂತು ಪೆಡಲ್ ತುಳಿದಳು.

ಕತ್ತರಿ ಗುಂಡಿಗೆ ಫೋನು ಮಾಡಿದಳು. "ಒಂಬತ್ತೂ ಓಡ್ತಿದೆ ಕಣೇ."

"ಏನಂದೆ? ಗಲಾಟೇಲಿ ಏನೂ ಕೇಳ್ತಿಲ್ಲ."

"ಗಲಾಟೇನೇ ಕೇಳ್ಸೋಕೆ ಮಾಡಿದ್ದು, ಕಿವುಡಿ!"

ಗುಂಡಿ ಅಂದಳು: "ಇಡಬೇಡ. ಫೋನು ಅಲ್ಲೇ ಎಲ್ಲಾದ್ರೂ ಮಡಗಿ, ನೀನು ನಿನ್ನ ಕೆಲಸ ನೋಡು ಹೋಗು."

ಕತ್ತರಿ ಫೋನನ್ನು ಕಿಟಕಿಯ ಕಟ್ಟೆಯ ಮೇಲೆ, ಯಂತ್ರಗಳ ಕಡೆ ಮುಖ ಮಾಡಿಸಿ ಇಟ್ಟಳು. ಕಾಲು ಗಂಟೆಯ ಮೇಲೆ ಅದರ ಚಾರ್ಜು ಮುಗಿಯಿತು.